ಪದಕ ನೀವೇ ಇಟ್ಟುಕೊಳ್ಳಿ, ಹೆಸರು ಕೊಡಿ

ಯುದ್ಧದ ಚರಿತ್ರೆ ಎಂದರೆ ಕುದುರೆ ಮೇಲೆ ಕೂತವನ ಚರಿತ್ರೆ. ಆ ಕುದುರೆಗೆ ಹುಲ್ಲು ಕೊಯ್ದವನದು ಚರಿತ್ರೆಯಲ್ಲ, ಚಾಕರಿ. ಸೇತುವೆ ದಾಟಿದವನದು ಚರಿತ್ರೆ. ಎದೆಮಟ್ಟ ನೀರಲ್ಲಿ ನಿಂತು ಆ ಸೇತುವೆಗೆ ಹಗ್ಗ ಬಿಗಿದವನದು ಕೂಲಿ. ಕೋಟೆ ಗೆದ್ದ ದೊರೆಯ ಹೆಸರನ್ನು ರಸ್ತೆಗೆ ಇಡುತ್ತಾರೆ. ಕೋಟೆಗೆ ಏಣಿ ಹೊತ್ತವನ ಹೆಸರು ಅವನ ಮರಿಮಗನಿಗೂ ಗೊತ್ತಿಲ್ಲ. ಹೀಗಂದರೆ ಕೆಲವರಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. "ಏನ್ರಯ್ಯ, ಸೈನ್ಯದಲ್ಲೂ ಜಾತಿ ಹುಡುಕ್ತೀರಲ್ಲ" ಅಂತಾರೆ. ನಾವು ಹುಡುಕಬೇಕಾಗಿಲ್ಲ ಸ್ವಾಮಿ. ಭರ್ತಿ ಮಾಡಿಕೊಳ್ಳುವಾಗ ಬಿಳಿಯರೇ ಅದನ್ನು ಕೇಳಿ ಬರೆದುಕೊಂಡಿದ್ದಾರೆ. ಹೊಟ್ಟೆಗಿಲ್ಲದೆ ಬಂದು ನಿಂತವನ ಜಾತಿ ಬೇಕಾಗಿತ್ತು. ಸತ್ತ ಮೇಲೆ ಅವನ ಹೆಸರು ಮಾತ್ರ ಬೇಡವಾಯಿತು.

ನಾವು ಜೋಗುಪಾಳ್ಯದ ಹುಡುಗರು. ಇಂದಿರಾನಗರದ ಕಾರುಗಳು ಹಲಸೂರಿಗೆ ನುಗ್ಗುವಾಗ ಅಡ್ಡದಾರಿ ಅಂತ ಬಳಸುವ ಬೀದಿಗಳು ನಮ್ಮವು. ಪಾಳ್ಯ ಅಂದರೇನು? ದಂಡು ಬೀಡುಬಿಟ್ಟ ಜಾಗ. ಕಂಟೋನ್ಮೆಂಟಿಗೆ ನಮ್ಮ ಹಿರಿಯರು ಕರೆದ ಹೆಸರೂ ದಂಡು ಅಂತಲೇ. ಶ್ರೀರಂಗಪಟ್ಟಣದಲ್ಲಿ ಜ್ವರ ಹತ್ತಿ ಸಾಯುತ್ತಿದ್ದ ಬ್ರಿಟಿಷ್ ಸೈನ್ಯ ತಣ್ಣನೆ ಜಾಗ ಹುಡುಕಿಕೊಂಡು ಬಂದು 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಕೂತಿತು. ದಂಡು ಬಂದ ಮೇಲೆ ಕುದುರೆ ತಿಕ್ಕುವವರು ಬೇಕು. ಬಟ್ಟೆ ಒಗೆಯುವವರು ಬೇಕು. ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿ ಬೇಕು. ಬೂಟು ಹೊಲಿಯುವವರು, ಅಡಿಗೆಯವರು, ಆಯಾಗಳು, ದೊರೆಗಳ ಕಕ್ಕಸು ಬಳಿಯುವವರು ಬೇಕು. ಆರ್ಕಾಟಿನ ಸೀಮೆಯಿಂದ, ತೆಲುಗು ಸೀಮೆಯಿಂದ, ಸುತ್ತಮುತ್ತಲ ಹಳ್ಳಿಗಳ ಕೇರಿಗಳಿಂದ ಜನ ದಂಡಿನ ಹಿಂದೆ ನಡೆದು ಬಂದರು. ಹಲಸೂರಿನ ಸುತ್ತಲ ಪಾಳ್ಯಗಳು, ಟೌನುಗಳು ತುಂಬಿದ್ದು ಈ ಜನರಿಂದ. ಹಾಗಾಗಿ ನಮ್ಮ ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಮೂರು ಭಾಷೆ, ಬರೆಯುವುದು ಕನ್ನಡ. ನಮ್ಮ ವಿಳಾಸವೇ ಸೈನ್ಯದ ಚರಿತ್ರೆ. ಆ ಚರಿತ್ರೆಯಲ್ಲಿ ನಮ್ಮ ವಿಳಾಸ ಮಾತ್ರ ಇಲ್ಲ.

ಹಲಸೂರು ಕೆರೆಯ ಆಚೆ ಎಂ.ಇ.ಜಿ. ಇದೆ, ಮದ್ರಾಸ್ ಎಂಜಿನಿಯರ್ ಗ್ರೂಪ್. ಅದರ ಆವರಣದಲ್ಲಿ ಮದ್ರಾಸ್ ಸ್ಯಾಪರ್ಸ್ ಅವರ ವಸ್ತುಸಂಗ್ರಹಾಲಯ, ದಾಖಲೆ ಭಂಡಾರ. ಸೈನ್ಯದ ಜಾಗ, ಅನುಮತಿ ಪಡೆದು ಹೋಗಬೇಕು. ನಾವು ನಾಲ್ಕು ಜನ ಹೋದೆವು. ನಾಲ್ವರ ಮನೆಗೂ ಡಿಗ್ರಿ ಎಂಬುದು ಕಾಲಿಟ್ಟಿದ್ದು ನಮ್ಮ ಕಾಲಕ್ಕೇ. ನಮ್ಮಪ್ಪಂದಿರು ಆ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಆಯುಷ್ಯವೆಲ್ಲ ಓಡಾಡಿದವರು. ಒಳಗೆ ಏನು ಬರೆದಿದೆ ಅಂತ ಓದಿದವರಲ್ಲ. ನಾವು ಓದಿಬಿಟ್ಟೆವು, ಅದೇ ಈಗ ಬಂದಿರುವ ತೊಂದರೆ.

ಮೊದಲೇ ಹೇಳಿಬಿಡುತ್ತೇವೆ. ಹಳೆಯದನ್ನು ಜತನ ಮಾಡಿ ಇಟ್ಟವರ ಮೇಲೆ ನಮಗೆ ಕೋಪವಿಲ್ಲ. ಗೇಟಿನಲ್ಲಿ ನಿಂತ ಸಿಪಾಯಿ ನಮ್ಮ ತಮ್ಮನ ವಯಸ್ಸಿನವನು, ನಮ್ಮಂಥದೇ ಮನೆಯಿಂದ ಬಂದವನಿರಬಹುದು. ನಮ್ಮ ಜಗಳ ಆ ಗಾಜಿನ ಪೆಟ್ಟಿಗೆಗಳಿಗಿಂತ ಹಳೆಯದು. ಲೋಕದ ಯಾವ ಸೇನಾ ಸಂಗ್ರಹಾಲಯಕ್ಕೆ ಹೋದರೂ ಪದಕ, ಕತ್ತಿ, ಬಾವುಟ, ಸಮವಸ್ತ್ರ, ಅಧಿಕಾರಿಗಳ ಚಿತ್ರ. ಏನನ್ನು ಗಾಜಿನೊಳಗೆ ಇಡಬೇಕು, ಏನನ್ನು ಮಣ್ಣಿನೊಳಗೆ ಬಿಡಬೇಕು ಅಂತ ತೀರ್ಮಾನ ಮಾಡಿದ ಇನ್ನೂರು ವರ್ಷದ ಬರವಣಿಗೆ ಒಂದಿದೆ. ನಾವು ಕಾಲು ಕೆರೆಯುತ್ತಿರುವುದು ಅದರ ಮೇಲೆ.

ಈ ಪಡೆ ಹುಟ್ಟಿದ್ದು 1780ರ ಸೆಪ್ಟೆಂಬರಿನಲ್ಲಿ. ಹೈದರಾಲಿ ಆರ್ಕಾಟಿನ ಮೇಲೆ ನುಗ್ಗಿ ಕಂಪನಿಯ ಎದೆ ನಡುಗಿಸಿದ ವರ್ಷ. ಮದ್ರಾಸಿನಲ್ಲಿ ಕಂಪನಿಯವರು ಎರಡು ತುಕಡಿ ಪಯೋನಿಯರ್‌ಗಳನ್ನು ಕಟ್ಟಿದರು. ಪಯೋನಿಯರ್ ಅಂದರೆ ಮುಂದೆ ಹೋಗುವವನು. ಸೈನ್ಯ ಬರುವ ಮುಂಚೆ ಹೋಗಿ ಕಾಡು ಕಡಿಯಬೇಕು, ದಾರಿ ಮಾಡಬೇಕು, ಹಳ್ಳಕ್ಕೆ ಮರ ಹಾಕಬೇಕು, ಕೋಟೆ ಬುಡಕ್ಕೆ ಕಂದಕ ತೋಡಬೇಕು. ಗುಂಡು ಮೊದಲು ಬೀಳುವುದು ಅವನ ಮೇಲೆ. ಕೈಯಲ್ಲಿ ಇರುವುದು ಗುದ್ದಲಿ. 1831ರಲ್ಲಿ ಇದೇ ಪಡೆಗೆ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಹೆಸರು ಬಂತು. ಅದೇ ಶತಮಾನದಲ್ಲಿ ಬೆಂಗಳೂರೇ ಇದರ ಮನೆಯಾಯಿತು.

ಗುದ್ದಲಿ ಹಿಡಿಯಲು ಯಾರು ಬಂದರು? ಬಂಗಾಳದ ಸೈನ್ಯದಲ್ಲಿದ್ದ ಮೇಲ್ಜಾತಿ ಸಿಪಾಯಿಗಳಿಗೆ ಗುದ್ದಲಿ ಮುಟ್ಟುವುದು ಕೀಳು ಅನಿಸುತ್ತಿತ್ತು. ಕತ್ತಿ ಹಿಡಿದರೆ ಜಾತಿ ಕೆಡುವುದಿಲ್ಲ, ಹಾರೆ ಹಿಡಿದರೆ ಕೆಡುತ್ತದೆ! ಮನುಷ್ಯನನ್ನು ಕೊಂದರೆ ಮಡಿ, ಮಣ್ಣು ಹೊತ್ತರೆ ಮೈಲಿಗೆ! ದಕ್ಷಿಣದ ಈ ಪಡೆಗೆ ತಮಿಳರು, ತೆಲುಗರು, ಕ್ರೈಸ್ತರು, ಮುಸಲ್ಮಾನರು ಎಲ್ಲ ಸೇರಿದರು. ಅವರ ಜೊತೆಗೆ ಪರಯರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಊರ ಬಾವಿಯಲ್ಲಿ ನೀರು ಸೇದಲು ಬಿಡದವರ ಕೈಗೆ ದಂಡು ಪಿಕಾಸಿ ಕೊಟ್ಟಿತು, ಕಾಲಿಗೆ ಬೂಟು ಕೊಟ್ಟಿತು, ತಿಂಗಳಿಗೆ ಸಂಬಳ ಕೊಟ್ಟಿತು. ಹುಟ್ಟಿದಾಗಿನಿಂದ ಊರಿನವರು ಬಿಟ್ಟಿ ಮಾಡಿಸಿಕೊಂಡ ಕೆಲಸಕ್ಕೇ ಇಲ್ಲಿ ಕಾಸು ಸಿಕ್ಕಿತು. ಹೋದರು. ನೀವಾಗಿದ್ದರೂ ಹೋಗುತ್ತಿದ್ದಿರಿ.

ಲೋಕದ ಸೈನ್ಯಗಳಿಗೆಲ್ಲ ನಮ್ಮ ಊರಿನ ಹೆಸರು ಗೊತ್ತು. ಐಟಿಯಿಂದ ಅಂತ ತಿಳಿಯಬೇಡಿ. 1912ರಲ್ಲಿ ಈ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬ ಅಧಿಕಾರಿ ಬೆಂಗಳೂರಿನಲ್ಲಿ ಒಂದು ಆಯುಧ ರೂಪಿಸಿದ. ಉದ್ದನೆಯ ಕೊಳವೆ, ಅದರ ತುಂಬ ಸಿಡಿಮದ್ದು. ಒಂದಕ್ಕೊಂದು ಜೋಡಿಸುತ್ತ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿಯಾಗುತ್ತದೆ. ಅದಕ್ಕೆ ಬ್ಯಾಂಗಲೋರ್ ಟಾರ್ಪೆಡೊ ಅಂತ ಹೆಸರು. 1944ರ ಜೂನ್ 6ರಂದು ನಾರ್ಮಂಡಿಯ ಕಡಲ ದಂಡೆಯಲ್ಲಿ ಅಮೆರಿಕದ ಸೈನಿಕರು ತಂತಿಬೇಲಿ ಒಡೆದದ್ದು ಇದರಿಂದ. ಕೊಳವೆಗೆ ಊರಿನ ಹೆಸರು ಸಿಕ್ಕಿತು. ಕಂಡುಹಿಡಿದವನ ಹೆಸರು ಪುಸ್ತಕಕ್ಕೆ ಸಿಕ್ಕಿತು. ಬೆಂಗಳೂರಿನ ಬಯಲಲ್ಲಿ ಹೊಟ್ಟೆ ಮೇಲೆ ತೆವಳಿಕೊಂಡು ಮೊದಮೊದಲು ಅದನ್ನು ತಂತಿಯ ಕೆಳಗೆ ತಳ್ಳಿ ನೋಡಿದವರು ಯಾರು? ಅವರೂ ಈ ಊರಲ್ಲೇ ಉಂಡು ಮಲಗಿದವರಲ್ಲವೆ?

ಇನ್ನು ಪುಸ್ತಕಗಳ ಮಾತು. ಈ ಪಡೆಯ ಚರಿತ್ರೆಯನ್ನು ಮೇಜರ್ ವೈಬಾರ್ಟ್ 1880ರ ದಶಕದಲ್ಲಿ ಎರಡು ಸಂಪುಟ ಬರೆದ. ಮದ್ರಾಸ್ ಸೈನ್ಯದ ಚರಿತ್ರೆಯನ್ನು ಕರ್ನಲ್ ವಿಲ್ಸನ್ ಬರೆದ. ಭಾರತದ ಸ್ಯಾಪರ್‌ಗಳ ಬಗ್ಗೆ ಕರ್ನಲ್ ಸ್ಯಾಂಡಿಸ್ 1948ರಲ್ಲಿ ಬರೆದ. ಮೇಜರು, ಕರ್ನಲು, ಕರ್ನಲು. ಒಬ್ಬ ನಾಯಕನಾದರೂ, ಒಬ್ಬ ಹವಾಲ್ದಾರನಾದರೂ ಬರೆದ ಸಂಪುಟ ಇದೆಯೆ? ಬರೆಯಲು ಅವನಿಗೆ ಅಕ್ಷರ ಬೇಕಿತ್ತು. ಅಕ್ಷರವನ್ನು ಕಿತ್ತುಕೊಂಡವರು ಬಿಳಿಯರಲ್ಲ. ಅವರು ಹಡಗು ಹತ್ತುವುದಕ್ಕೆ ಸಾವಿರ ವರ್ಷ ಮುಂಚೆಯೇ ಇಲ್ಲಿನವರು ಕಿತ್ತುಕೊಂಡಾಗಿತ್ತು. ಬಿಳಿಯ ಅಧಿಕಾರಿ ನಮ್ಮ ಹೆಸರು ಬರೆಯಲಿಲ್ಲ. ಇಲ್ಲಿಯ ಪುರೋಹಿತ ನಮ್ಮ ಹೆಸರನ್ನು ನಾವೇ ಬರೆದುಕೊಳ್ಳಲೂ ಬಿಡಲಿಲ್ಲ. ಇಬ್ಬರೂ ಸೇರಿ ಮಾಡಿದ ಕೆಲಸ ಇದು.

ಗುದ್ದಲಿ ಹಿಡಿದವನಿಗಿಂತ ಕೆಳಗೂ ಒಬ್ಬನಿದ್ದ. ಸೈನ್ಯದ ಲೆಕ್ಕದಲ್ಲಿ ಅವನನ್ನು ಫಾಲೋಯರ್ ಅಂತಿದ್ದರು, ಹಿಂದೆ ಬರುವವನು. ಭಿಸ್ತಿ, ಜಲಗಾರ, ಚಮ್ಮಾರ, ಅಗಸ, ಅಡಿಗೆಯವ, ಕುದುರೆಯವ, ಡೋಲಿ ಹೊರುವವ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 14 ಲಕ್ಷ ಜನರನ್ನು ಭರ್ತಿ ಮಾಡಿದರು. ಅದರಲ್ಲಿ ಸುಮಾರು 5 ಲಕ್ಷ 60 ಸಾವಿರ ಜನ ಹೀಗೆ 'ಹಿಂದೆ ಬರುವವರು'. ಹತ್ತಿರ ಹತ್ತಿರ ಹತ್ತಕ್ಕೆ ನಾಲ್ಕು. ಸಂಬಳ ಕಡಿಮೆ, ಪಡಿ ಕಡಿಮೆ. ಅವರೊಳಗೂ ಮೇಲು ಕೀಳು, ಕಕ್ಕಸು ಬಳಿಯುವವ ಎಲ್ಲರಿಗಿಂತ ಕೆಳಗೆ. ಊರಲ್ಲಿದ್ದ ಏಣಿಯನ್ನೇ ಹಡಗಿಗೆ ಏರಿಸಿ ಬಸ್ರಾಕ್ಕೆ, ಫ್ರಾನ್ಸಿಗೆ, ಆಫ್ರಿಕಾಕ್ಕೆ ಸಾಗಿಸಿದರು. ಷೆಲ್ಲು ಬೀಳುವಾಗ ಮಾತ್ರ ಏಣಿ ನೋಡಿ ಬೀಳಲಿಲ್ಲ.

ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದರು. ಅದರ ಅನಾವರಣ 1929ರಲ್ಲಿ ಆಯಿತು. ಇವತ್ತಿನ ಇರಾಕಿನ ನೆಲದಲ್ಲಿ ಸತ್ತು, ಸಮಾಧಿಯೂ ಇಲ್ಲದೆ ಹೋದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಬರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಬರೆದರು. ಅವರ ಕೆಳಗಿನ ಸಿಪಾಯಿಗಳಿಗೆ? ಪಡೆಯ ಹೆಸರು ಬರೆದು, ಮುಂದೆ 'ಮತ್ತು ಇಷ್ಟು ಜನ ಇತರೆ ಭಾರತೀಯ ಸೈನಿಕರು' ಎಂದು ಒಂದು ಅಂಕಿ. ಗೆಳೆಯರೇ, ದನಗಳನ್ನು ಎಣಿಸುವುದು ಹೀಗೆ. ಕುರಿ ಮಂದೆಯನ್ನು ಎಣಿಸುವುದು ಹೀಗೆ. ಕುರಿ ಕಾಯುವವನಾದರೂ ತನ್ನ ನಾಲ್ಕು ಕುರಿಗೆ ಹೆಸರಿಟ್ಟಿರುತ್ತಾನೆ.

ಇದು ನಮ್ಮ ಬಾಯಿಬಡುಕತನ ಅಂದುಕೊಳ್ಳಬೇಡಿ. ಈ ಸ್ಮಾರಕಗಳನ್ನೆಲ್ಲ ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರ ಏಪ್ರಿಲಿನಲ್ಲಿ ವರದಿ ತಂದು ಒಪ್ಪಿಕೊಂಡಿತು, ಕ್ಷಮೆ ಕೇಳಿತು. ಮೊದಲ ಮಹಾಯುದ್ಧದಲ್ಲಿ ಸತ್ತವರಲ್ಲಿ ಕನಿಷ್ಠ 1 ಲಕ್ಷ 16 ಸಾವಿರ, ಬಹುಶಃ 3 ಲಕ್ಷ 50 ಸಾವಿರದ ತನಕ ಜನರನ್ನು ಹೆಸರು ಹಿಡಿದು ನೆನೆಯಲಿಲ್ಲ, ಅಥವಾ ನೆನೆಯಲೇ ಇಲ್ಲ. ಬಹುಪಾಲು ಆಫ್ರಿಕಾದವರು, ಭಾರತದವರು, ಈಜಿಪ್ಟಿನವರು. ನೂರು ವರ್ಷ ಬೇಕಾಯಿತು ಈ ಒಂದು ಮಾತು ಹೇಳಲಿಕ್ಕೆ. ಬಿಳಿಯರು ನೂರು ವರ್ಷಕ್ಕಾದರೂ ಹೇಳಿದರು. ಆ 'ಇತರೆ'ಯವರಲ್ಲಿ ಕೇರಿಯವರೆಷ್ಟು, ಊರಿನವರೆಷ್ಟು ಅಂತ ನಮ್ಮವರು ಇನ್ನೂ ಬಾಯಿ ಬಿಟ್ಟಿಲ್ಲ.

ಹೆಸರಿನಲ್ಲಿ ಏನಿದೆ ಅಂತೀರಾ? ಕೋರೆಗಾಂವನ್ನು ನೋಡಿ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ಕಂಪನಿಯ ಒಂದು ಸಣ್ಣ ಪಡೆ ನಿಂತಿತು. ಅಲ್ಲಿ ನಿಲ್ಲಿಸಿದ ಕಲ್ಲುಕಂಬದಲ್ಲಿ ಸತ್ತ 49 ಜನರ ಹೆಸರು ಕೆತ್ತಿದ್ದಾರೆ. ಅದರಲ್ಲಿ 22 ಹೆಸರುಗಳ ಕೊನೆಗೆ 'ನಾಕ' ಅಂತ ಇದೆ. ಅದು ಮಹಾರರ ಗುರುತು. ಕೆತ್ತಿದವರು ಕಂಪನಿಯ ಬಡಾಯಿಗೆ ಕೆತ್ತಿದರು, ನಮ್ಮ ಮೇಲಿನ ಪ್ರೀತಿಗಲ್ಲ. ಆದರೆ ಕಲ್ಲು ಸುಳ್ಳು ಹೇಳಲಿಲ್ಲ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಬಂದು ನಿಂತರು. ಇವತ್ತು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಅಲ್ಲಿ ಸೇರುತ್ತಾರೆ. 22 ಹೆಸರು ಲಕ್ಷ ಜನರನ್ನು ಎಬ್ಬಿಸಿತು! ಬಸ್ರಾದ ಆ ಅಂಕಿಯ ಹಿಂದಿರುವ ಸಾವಿರಾರು ಹೆಸರು ಬಂದರೆ ಎಷ್ಟು ಜನ ಎದ್ದಾರು? ಹೆಸರು ಕೆತ್ತದಿರುವುದರ ಗುಟ್ಟು ಈಗ ತಿಳಿಯಿತೆ?

ಬೇಕಾದಾಗ ಕರೆಯುವುದು, ಬೇಡವಾದಾಗ ಕತ್ತು ಹಿಡಿದು ನೂಕುವುದು, ಇದು ಊರಿನ ಗೌಡರ ಪದ್ಧತಿ ಅಂತ ತಿಳಿದಿದ್ದೆವು. ದಂಡಿನ ದೊರೆಗಳದೂ ಅದೇ. 1880ರ ದಶಕದಿಂದ ಜನರಲ್ ರಾಬರ್ಟ್ಸ್‌ನಂಥವರು 'ವೀರ ಜನಾಂಗ' ಎಂಬ ಹೊಸ ಶಾಸ್ತ್ರ ತಂದರು. ಪಂಜಾಬಿನವರು, ಗೂರ್ಖಾಗಳು ವೀರರಂತೆ. ದಕ್ಷಿಣದವರು, ಕೆಳಜಾತಿಯವರು ಅಲ್ಲವಂತೆ. ಮನುವಿನ ಶಾಸ್ತ್ರಕ್ಕೆ ಖಾಕಿ ಹೊದಿಸಿದರು, ಅಷ್ಟೆ. 1892ರ ಹೊತ್ತಿಗೆ ಮಹಾರರ ಭರ್ತಿ ನಿಂತಿತು. ಬಾಬಾಸಾಹೇಬರ ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ದಂಡಿನ ಶಾಲೆಯಲ್ಲಿ ಪಾಠ ಹೇಳಿದವರು. ಆ ದಾರಿ ಮಕ್ಕಳ ಕಾಲಕ್ಕೆ ಮುಚ್ಚಿಹೋಯಿತು. ಮಹಾಯುದ್ಧ ಬಂದು ಹೆಣ ಸಾಲದಾದಾಗ 1917ರಲ್ಲಿ ಒಂದು ಮಹಾರ್ ಪಡೆ ಕಟ್ಟಿದರು. 1921ರಲ್ಲಿ ಬರಖಾಸ್ತು. ಮತ್ತೆ ಯುದ್ಧ ಬಂದಾಗ, 1941ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿತು. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, 1946ರಲ್ಲಿ ಮುಚ್ಚಿದರು. ಮದ್ರಾಸ್ ಸ್ಯಾಪರ್ಸ್ ಉಳಿಯಿತು. ಗುದ್ದಲಿ ಹಿಡಿಯಲು ಜನ ಬೇಕೇ ಬೇಕಲ್ಲ!

ಕುದುರೆಯನ್ನು ನಾಡು ಹೇಗೆ ನೆನೆಯುತ್ತದೆ ನೋಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಅದು ಧೈರ್ಯವೇ, ಅಲ್ಲ ಅಂದವರಾರು? ದಿಲ್ಲಿಯಲ್ಲಿ 1922ರಲ್ಲೇ ಮೂರು ಪ್ರತಿಮೆ ನಿಂತವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಈಗ ಗುದ್ದಲಿಯ ಕಡೆ ಬನ್ನಿ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವಲ್ಲಿ ಒಂದು ಕಂಬವಿದೆ. ಅದು ಆ ಯುದ್ಧದಲ್ಲಿ ಸತ್ತ ಪಯೋನಿಯರ್‌ಗಳ ನೆನಪಿನದು. ಅದರ ಮುಂದೆ ದಿನಾ ಸಾವಿರಾರು ಜನ ಬಟ್ಟೆ, ಬೂಟು ಕೊಳ್ಳಲು ಹೋಗುತ್ತಾರೆ. ಅದು ಯಾರದು ಅಂತ ಹತ್ತು ಜನರನ್ನು ನಿಲ್ಲಿಸಿ ಕೇಳಿ ನೋಡಿ.

ನಮಗೆ ಎದುರು ಮಾತು ಬರುತ್ತದೆ, ಗೊತ್ತು. "ಅವರು ಟಿಪ್ಪುವಿನ ವಿರುದ್ಧ ಕಂಪನಿಗೆ ದುಡಿದವರು, ಅವರನ್ನು ಹಾಡಿ ಹೊಗಳಬೇಕಾ?" ಹೊಗಳಿ ಅಂತ ನಾವು ಕೇಳಿಯೇ ಇಲ್ಲ. ಬೆಂಗಳೂರು ಕೋಟೆ 1791ರಲ್ಲಿ ಬಿತ್ತು, ಶ್ರೀರಂಗಪಟ್ಟಣ 1799ರಲ್ಲಿ ಬಿತ್ತು. ಕಂಪನಿಗೆ ಸಾಲ ಕೊಟ್ಟ ಸಾಹುಕಾರರು, ಸಂಧಿ ಮಾಡಿಕೊಂಡ ರಾಜರು, ದುಭಾಷಿಗಳಾದ ಪಂಡಿತರು ಯಾರೂ ದ್ರೋಹಿಗಳಾಗಲಿಲ್ಲ. ಅವರ ಮಕ್ಕಳು ದಿವಾನರಾದರು. ಹಸಿದು ಗುದ್ದಲಿ ಹಿಡಿದವನ ಹತ್ತಿರ ಮಾತ್ರ ದೇಶಭಕ್ತಿಯ ಸರ್ಟಿಫಿಕೇಟು ಕೇಳುತ್ತೀರಿ. ಅವನಿಗೆ ದೇಶ ಎಲ್ಲಿತ್ತು? ಊರೊಳಗೆ ನಡೆಯಲು ದಾರಿಯೇ ಇಲ್ಲದವನಿಗೆ ದೇಶ ಯಾವುದು? ಸಾಮ್ರಾಜ್ಯಶಾಹಿಯನ್ನು ನಾವೂ ಬಯ್ಯುತ್ತೇವೆ, ಎಡಪಂಥದ ಗೆಳೆಯರಿಗಿಂತ ಗಟ್ಟಿಯಾಗಿ. ಆದರೆ ಬಯ್ಯುವ ಮುಂಚೆ ಅದರ ಕೈಗೆ ಸಿಕ್ಕಿ ಸತ್ತವರನ್ನು ಎಣಿಸಬೇಕು, ಹೆಸರು ಹಿಡಿದು ಎಣಿಸಬೇಕು.

ಇನ್ನೊಂದು ಮಾತು. "ಜಾತಿ ಎತ್ತಿದರೆ ಸೈನ್ಯದ ಒಗ್ಗಟ್ಟು ಒಡೆಯುತ್ತೆ." ರಜಪೂತ್ ರೆಜಿಮೆಂಟ್, ಜಾಟ್ ರೆಜಿಮೆಂಟ್ ಅಂತ ಬೋರ್ಡು ಹಾಕಿದರೆ ಒಡೆಯದ ಒಗ್ಗಟ್ಟು ಪರಯ ಎಂಬ ಮಾತಿಗೆ ಒಡೆಯುತ್ತದೆಯೆ? ಸಾವಿಗೆ ಹೆದರದವರ ಒಗ್ಗಟ್ಟು ಒಂದು ಪದಕ್ಕೆ ಹೆದರುವುದಾದರೆ ತೊಂದರೆ ಆ ಪದದಲ್ಲಿಲ್ಲ. ಮತ್ತೊಬ್ಬರು ಸುಬೇದಾರ್ ಸುಬ್ರಹ್ಮಣ್ಯನ್ ಹೆಸರು ಹೇಳುತ್ತಾರೆ. 1944ರ ಫೆಬ್ರುವರಿ 24ರಂದು ಇಟಲಿಯಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿದ ಮದ್ರಾಸ್ ಸ್ಯಾಪರ್ ಅವರು. ಜಾರ್ಜ್ ಕ್ರಾಸ್ ಪದಕ ಪಡೆದ ಮೊದಲ ಭಾರತೀಯರು. ತಲೆಬಾಗುತ್ತೇವೆ. ಆದರೆ ಮೈಮೇಲೆ ಬಾಂಬು ಸಿಡಿದರೆ ಮಾತ್ರ ಹೆಸರು ಅಂತಾದರೆ, ಇಪ್ಪತ್ತು ವರ್ಷ ನೀರು ಹೊತ್ತು ಬೆನ್ನು ಬಗ್ಗಿಸಿಕೊಂಡು ಜೋಗುಪಾಳ್ಯಕ್ಕೋ ಮರ್ಫಿ ಟೌನಿಗೋ ವಾಪಸು ಬಂದು ಕೆಮ್ಮಿ ಕೆಮ್ಮಿ ಸತ್ತವನು ಯಾರ ಲೆಕ್ಕಕ್ಕೆ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಈ ದೇಶದ ಸೇನಾ ದಾಖಲೆಗಳಲ್ಲಿರುವ ಹಳೆಯ ಭರ್ತಿ ಪಟ್ಟಿಗಳು, ಸಾವಿನ ಪಟ್ಟಿಗಳು, ಪಿಂಚಣಿ ಪುಸ್ತಕಗಳು ಹೊರಗೆ ಬರಲಿ. ನೂರು ವರ್ಷ ಹಳೆಯ ಹೆಸರಿನಲ್ಲಿ ಯಾವ ಗುಟ್ಟೂ ಇಲ್ಲ. ಸ್ಯಾಪರ್‌ಗಳು, ಪಯೋನಿಯರ್‌ಗಳು, ಫಾಲೋಯರ್‌ಗಳು ಎಲ್ಲರ ಹೆಸರನ್ನೂ ಅಚ್ಚು ಹಾಕಲಿ. ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಹಾಕಲಿ, ಅವರ ಮನೆಯವರಿಗೆ ಓದಲು ಬರುವ ಹಾಗೆ. ಪದಕದ ಪಕ್ಕದಲ್ಲಿ ಭಿಸ್ತಿಯ ನೀರಿನ ಚೀಲ ಇಡಲಿ, ಚಮ್ಮಾರನ ಉಳಿ ಇಡಲಿ, ಜಲಗಾರನ ಬುಟ್ಟಿಯನ್ನೂ ಇಡಲಿ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಯುದ್ಧ ಅಂದರೆ ಅದೂ ಒಂದು ವಾಸನೆ. ಪಾಳ್ಯಗಳ ಸರ್ಕಾರಿ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, "ಇವರು ನಿಮ್ಮ ಮುತ್ತಾತಂದಿರು" ಅಂತ ತೋರಿಸಲಿ.

ಮಾಡುತ್ತಾರೆ ಅಂತ ಕೈಕಟ್ಟಿ ಕೂರುವ ಜಾಯಮಾನ ನಮ್ಮದಲ್ಲ. ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಅಟ್ಟದ ಮೇಲೆ ತಗಡಿನ ಟ್ರಂಕ್ ಇದ್ದರೆ ಇಳಿಸಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಚೀಟಿ, ತುಕ್ಕು ಹಿಡಿದ ಬಿಲ್ಲೆ, ಮೂಲೆ ಮುರಿದ ಫೋಟೋ ಏನೇ ಇರಲಿ ಗುಜರಿಗೆ ಹಾಕಬೇಡಿ. ಅಜ್ಜಿ ಬದುಕಿದ್ದರೆ ಇವತ್ತೇ ಕೂತು ಕೇಳಿ. ಅವರಪ್ಪ ದಂಡಿನಲ್ಲಿ ಯಾವ ಕೆಲಸ ಮಾಡಿದ, ಯಾವ ಹಡಗು ಹತ್ತಿದ, ಬಂದನೋ ಬರಲಿಲ್ಲವೋ. ಬರೆದುಕೊಳ್ಳಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಹೆಸರು ತಪ್ಪಬಾರದು. ಅವರ ಕೈಗೆ ಗುದ್ದಲಿ ಕೊಟ್ಟಿದ್ದರು. ನಮ್ಮ ಕೈಗೆ ಪೆನ್ನು ಬಂದಿದೆ. ಎರಡಕ್ಕೂ ಒಂದೇ ಕೆಲಸ, ಅಗೆಯುವುದು.